ಡೋರ್ನಕಲ್ಲಿನ ಬಿಷಪ್ಪನೂ ನಮ್ಮ ನವಲಿಯ ಕೇರಿಯೂ

ಕೇರಿಯವರು ತಮ್ಮ ದೇವರನ್ನು ತಾವೇ ಆರಿಸಿಕೊಳ್ಳುತ್ತೇವೆ ಅಂತ ಬಾಯಿಬಿಟ್ಟರೆ ಊರಿನವರು ಕೇಳುವ ಮೊದಲ ಮಾತು ಒಂದೇ: 'ಎಷ್ಟು ರೊಕ್ಕ ಕೊಟ್ರಲೇ?' ನೂರು ವರ್ಷದ ಹಿಂದೆಯೂ ಇದೇ ಮಾತು, ಇವತ್ತೂ ಇದೇ ಮಾತು. ಊರಿನ ಸಾಹುಕಾರ ಒಂದು ಮಠ ಬಿಟ್ಟು ಇನ್ನೊಂದು ಮಠಕ್ಕೆ ನಡೆದುಕೊಂಡರೆ ಅದು ಭಕ್ತಿ. ಓದಿದ ದೊಡ್ಡ ಮನುಷ್ಯ ಊರು ಬಿಟ್ಟು ಯಾವುದೋ ಆಶ್ರಮ ಸೇರಿದರೆ ಅದು ಜಿಜ್ಞಾಸೆ. ನಾವು ಮನಸ್ಸು ಬದಲಿಸಿದರೆ ಮಾತ್ರ ಅದು ವ್ಯಾಪಾರ. ನಮಗೆ ಹೊಟ್ಟೆ ಇದೆ ಅನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ತಲೆಯೂ ಇದೆ ಅನ್ನುವುದನ್ನು ಒಪ್ಪಿದವರು ಕಡಿಮೆ. ಹಾಗೆ ಒಪ್ಪಿದ ಒಬ್ಬ ಬಿಷಪ್ಪನ ಬಗ್ಗೆ ಇಲ್ಲಿ ಬರೆಯಲು ಹೊರಟಿದ್ದೇವೆ. ಹೊಗಳಲಿಕ್ಕಲ್ಲ, ಲೆಕ್ಕ ಕೇಳಲಿಕ್ಕೆ.

ನಾವು ನವಲಿಯ ಮಾದಿಗರು. ನವಲಿ ಈಗ ಕೊಪ್ಪಳ ಜಿಲ್ಲೆಯ ಕನಕಗಿರಿ ತಾಲೂಕಿನಲ್ಲಿದೆ. ಅದಕ್ಕೆ ಮೊದಲು ಗಂಗಾವತಿ ತಾಲೂಕು, 1997ರ ತನಕ ರಾಯಚೂರು ಜಿಲ್ಲೆ, 1948ರ ತನಕ ನಿಜಾಮನ ರಾಜ್ಯ. ಭಕ್ತರಿಗೆ ನಮ್ಮೂರು ಭೋಗಾಪುರೇಶನ ಗುಡಿಯಿಂದ ಗೊತ್ತು. ಪೇಪರು ಓದುವವರಿಗೆ ತುಂಗಭದ್ರಾ ಡ್ಯಾಮಿನೊಳಗ ಹೂಳು ತುಂಬೇದ, ಅದಕ್ಕ ನವಲಿ ಹತ್ರ ಸಮಾನಾಂತರ ಜಲಾಶಯ ಕಟ್ತೀವಿ ಅಂತ ಸರಕಾರಗಳು ಹೇಳುತ್ತ ಬಂದದ್ದರಿಂದ ಗೊತ್ತು. ಕೇರಿ ಗೊತ್ತಿರುವುದು ಕೇರಿಯವರಿಗೆ ಅಷ್ಟೆ. ಸತ್ತ ದನ ಎಳೆದವರು, ಮಿಣಿ ಬಾರುಕೋಲು ಮಾಡಿಕೊಟ್ಟವರು, ಹಬ್ಬಕ್ಕೂ ಸಾವಿಗೂ ಹಲಗಿ ಬಡಿದವರು, ಸುಗ್ಗಿಯೊಳಗ ಕಣದ ತುದಿಗೆ ನಿಂತು ಆಯ ಬೇಡಿದವರು ನಾವು. ನಮ್ಮ ಕೇರಿಯೊಳಗೆ ಯಾವ ಮಿಶನರಿಯೂ ಮನೆ ಮಾಡಲಿಲ್ಲ. ಅದಕ್ಕೂ ಕಾರಣ ಉಂಟು. ಬಿಳಿಯರ ಮಿಶನ್ನುಗಳು ದೇಶವನ್ನು ತಮ್ಮತಮ್ಮೊಳಗೆ ಹಂಚಿಕೊಂಡಿದ್ದವು. ಬಳ್ಳಾರಿ ಸೀಮೆ ಲಂಡನ್ ಮಿಶನ್ನಿನವರಿಗೆ, ಧಾರವಾಡ ಗದಗ ಕಡೆ ಬಾಸೆಲ್ ಮಿಶನ್ನಿನವರಿಗೆ, ರಾಯಚೂರು ಕಡೆ ಅಮೆರಿಕದ ಮೆಥಡಿಸ್ಟರಿಗೆ, ಮೆದಕ್ ಇಂಗ್ಲೆಂಡಿನ ವೆಸ್ಲಿಯನ್ನರಿಗೆ, ಡೋರ್ನಕಲ್ ಇಂಗ್ಲೆಂಡಿನ ರಾಜಚರ್ಚು ಅನ್ನಿಸಿಕೊಂಡ ಆಂಗ್ಲಿಕನ್ನರಿಗೆ. ದೇವರ ಹೊಲಕ್ಕೂ ಬದು ಹಾಕಿಕೊಂಡಿದ್ದರು. ನಮ್ಮೂರು ಯಾರ ಬದುವಿನ ಅಂಚಿಗೆ ಬಿತ್ತೋ, ಅಂತೂ ಉತ್ತಲಿಕ್ಕೆ ಯಾರೂ ಬರಲಿಲ್ಲ.

ಡೋರ್ನಕಲ್ ಅನ್ನುವ ಹೆಸರು ನಮ್ಮ ಕೇರಿಗೆ ಬಂದದ್ದು ರೈಲಿನ ದಾರಿಯಿಂದ. ನಾವೆಲ್ಲ ಮುತ್ಯಾ ಅಂತ ಕರೆಯುತ್ತಿದ್ದ ಹಿರಿಯನೊಬ್ಬ ನಿಜಾಮನ ರೈಲ್ವೆಯೊಳಗೆ ಗ್ಯಾಂಗಿನ ಆಳಾಗಿದ್ದ. ರಜಾಕ್ಕೆ ಬಂದಾಗ ಕೇರಿಯ ಕಟ್ಟೆಗೆ ಕುಂತು ಹೇಳುತ್ತಿದ್ದನಂತೆ: 'ಅಲ್ಲಿ ಒಂದು ಗುಡಿ ಅದನಪಾ, ಅರ್ಧ ನಮ್ಮ ಕಲ್ಲಿನ ಗುಡಿ ಹಂಗ ಅದ, ಅರ್ಧ ಮಸೂತಿ ಹಂಗ ಅದ. ಒಳಗ ನಮ್ಮ ಮಂದಿನ ಕುಂತಿರತಾರ. ಯಾರೂ ಏಳು ಅನ್ನಂಗಿಲ್ಲ.' ಕೇರಿಯ ಮುದುಕರು ಇದನ್ನ ಸುಳ್ಳು ಅಂತಲೇ ತಿಳಿದಿದ್ದರು. ರೈಲ್ವೆಯವರು ಮೊದಲೇ ಮಾತುಗಾರರು. ಆದರೆ ಮುತ್ಯಾ ಹೇಳಿದ್ದು ಖರೇ ಇತ್ತು. ಡೋರ್ನಕಲ್ಲಿನ ಎಪಿಫನಿ ಕಥೀಡ್ರಲ್ಲಿಗೆ ಕಲ್ಲಿನ ಕಂಬಗಳೂ ಇವೆ, ಗುಮ್ಮಟಗಳೂ ಇವೆ. ಬರೋಬ್ಬರಿ ಕಾಲು ಶತಮಾನ ಕಟ್ಟಿಸಿಕೊಂಡು 1939ರ ಜನವರಿ 6ರಂದು ಅದು ಪ್ರತಿಷ್ಠೆಯಾಯಿತು. ಆ ಊರೂ ನಮ್ಮೂರೂ ಆಗ ಒಂದೇ ರಾಜ್ಯ. ಅದೇ ನಿಜಾಮ, ಅದೇ ಹಾಲಿ ಸಿಕ್ಕಾ ರೂಪಾಯಿ, ಅದೇ ಮಾದಿಗ ಅನ್ನುವ ಹೆಸರು, ಅದೇ ಸತ್ತ ದನ. ನಾವು ಬಿಟ್ಟಿ ಅನ್ನುತ್ತಿದ್ದದ್ದನ್ನು ಅವರು ವೆಟ್ಟಿ ಅನ್ನುತ್ತಿದ್ದರು, ಅಷ್ಟೇ ಫರಕು.

ಆ ಗುಡಿ ಕಟ್ಟಿಸಿದವರು ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ. ಹುಟ್ಟಿದ್ದು 1874ರಲ್ಲಿ, ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಅನ್ನುವ ಹಳ್ಳಿಯಲ್ಲಿ. ಜಾತಿಯಿಂದ ನಾಡಾರರು, ತಾಳೆಮರ ಹತ್ತುತ್ತಿದ್ದ ಜನ. ಇವರು ನಮ್ಮಂತೆ ಊರ ಹೊರಗಿನವರಲ್ಲ, ಆದರೆ ಗುಡಿಯ ಒಳಗಿನವರೂ ಅಲ್ಲ. ತಿರುವಾಂಕೂರಿನಲ್ಲಿ ಈ ಜನದ ಹೆಣ್ಣುಮಕ್ಕಳು ಮೈಮೇಲೆ ಸೆರಗು ಹೊದೆಯುವ ಹಕ್ಕಿಗಾಗಿ ದಶಕಗಟ್ಟಲೆ ಬಡಿದಾಡಬೇಕಾಯಿತು. 1859ರಲ್ಲಿ ರಾಜನ ಆಜ್ಞೆ ಬಂದ ಮೇಲೆ ಮೈ ಮುಚ್ಚಿಕೊಂಡರು. ಶಿವಕಾಶಿಯಲ್ಲಿ ಗುಡಿ ಹೊಗುವ ಹಕ್ಕಿನ ಜಗಳ 1899ರಲ್ಲಿ ಮನೆಗಳನ್ನು ಸುಟ್ಟಿತು. ಆಗ ಅಜರಯ್ಯನವರಿಗೆ ಇಪ್ಪತ್ನಾಲ್ಕು. ಅವರ ತಂದೆ ಹಳ್ಳಿಯ ಪಾದ್ರಿ, ಮಗ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರು. 1898ರಲ್ಲಿ ಅನ್ಬು ಮರಿಯಮ್ಮಾಳ್ ಅನ್ನುವ ಓದಿದ ಹೆಣ್ಣುಮಗಳನ್ನು ವರದಕ್ಷಿಣೆ ಮುಟ್ಟದೆ ಮದುವೆಯಾದರು. ಹೊರದೇಶದ ರೊಕ್ಕ, ಹೊರದೇಶದ ಆಳು ಎರಡೂ ಬೇಡ ಅಂತ 1903ರಲ್ಲಿ ತಿರುನೆಲ್ವೇಲಿಯಲ್ಲಿ ಇಂಡಿಯನ್ ಮಿಶನರಿ ಸೊಸೈಟಿ ಕಟ್ಟಿದರು. ಆ ಸೊಸೈಟಿ ಕೆಲಸಕ್ಕೆ ಆರಿಸಿಕೊಂಡ ಜಾಗವೇ ಡೋರ್ನಕಲ್. 1909ರಲ್ಲಿ ಅಜರಯ್ಯ ಪಟ್ಟಣದ ನೌಕರಿ ಬಿಟ್ಟು, ತೆಲುಗು ಕಲಿತು ಅಲ್ಲಿಗೇ ಹೋಗಿ ಕುಂತರು.

ಮರುವರ್ಷ, 1910ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಗತ್ತಿನ ಮಿಶನರಿಗಳೆಲ್ಲ ಸೇರಿದ ಮಹಾಸಭೆ. ಪ್ರತಿನಿಧಿಗಳು ಸಾವಿರದ ಇನ್ನೂರಕ್ಕೂ ಮೇಲೆ. ಅದರೊಳಗೆ ಏಷ್ಯಾದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಕರೆದು ಕೂಡಿಸಿದ ಮನೆಯಲ್ಲಿ ಒಳ್ಳೆಯ ಮಾತಾಡಿ ಉಂಡು ಬರುವುದು ರೂಢಿ. ಅಜರಯ್ಯ ಹಾಗೆ ಮಾಡಲಿಲ್ಲ. ನಿಮಗೂ ನಮಗೂ ಇರುವ ಸಂಬಂಧ ಸಂಬಳ ಕೊಡುವವನಿಗೂ ತಗೊಳ್ಳುವವನಿಗೂ ಇರುವ ಸಂಬಂಧ. ಒಂದೇ ಮೇಜಿಗೆ ಕುಂತು ಉಣ್ಣುವ ಸಲಿಗೆ ಅದರೊಳಗಿಲ್ಲ. ನೀವು ಆಸ್ತಿ ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ನಾವು ಕೇಳುವುದು ಪ್ರೀತಿ, ನಮಗೆ ಗೆಳೆಯರನ್ನು ಕೊಡಿ ಅಂತ ಅವರ ಮುಖದ ಮೇಲೆ ಹೇಳಿದರು. ಸಭೆಯಲ್ಲಿದ್ದ ಬಹಳ ಮಂದಿಗೆ ಅದು ಉರಿ ಹತ್ತಿಸಿತು. ದೂರದ ದೊಡ್ಡ ಮಾತೇನಲ್ಲ ಇದು. ಸಹಪಂಕ್ತಿಯ ಮಾತು. ನಮ್ಮೂರ ಚಾದ ಅಂಗಡಿಯೊಳಗೆ ಬೇರೆ ಕಪ್ಪು ಯಾಕೆ ಅಂತ ನಮ್ಮ ಹುಡುಗರು ಕೇಳಿದ್ದೂ ಇದೇ ಮಾತನ್ನು.

1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ ಕಥೀಡ್ರಲ್ಲಿನಲ್ಲಿ ಅಜರಯ್ಯನವರಿಗೆ ಬಿಷಪ್ ಪಟ್ಟ ಕಟ್ಟಿದರು. ಆಂಗ್ಲಿಕನ್ ಚರ್ಚಿನಲ್ಲಿ ಆ ಸ್ಥಾನಕ್ಕೆ ಏರಿದ ಮೊದಲ ಭಾರತೀಯ. ಬಿಳಿಯ ಪಾದ್ರಿ ಕರಿಯನ ಕೈಕೆಳಗೆ ಹ್ಯಾಂಗ ಕೆಲಸ ಮಾಡಬೇಕು ಅಂತ ಗೊಣಗಿದವರು ಇದ್ದರು. ಇಷ್ಟೇ ಆಗಿದ್ದರೆ ಅದು ಬಿಳಿಯರ ಪಾಡು ಅನ್ನಬಹುದಿತ್ತು. ನಮ್ಮ ದೇಶದ ಮೇಲ್ಜಾತಿ ಕ್ರೈಸ್ತರೊಳಗೂ ತಾಳೆಮರದ ಜಾತಿಯವನು ಬಿಷಪ್ಪನೇ ಅನ್ನುವ ಹೊಟ್ಟೆಯುರಿ ಇತ್ತು. ಶಿಲುಬೆ ಹಾಕಿಕೊಂಡ ಮೇಲೆ ಜನಿವಾರ ಹೋಗತದ, ಜನಿವಾರದ ಬುದ್ಧಿ ಹೋಗಂಗಿಲ್ಲ. ಇವರ ಬೆನ್ನಿಗೆ ನಿಂತವರು ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ಈ ವೈಟ್‌ಹೆಡ್ಡರನ್ನು ನಮ್ಮ ಮಂದಿ ಬೇರೆ ಕಾರಣಕ್ಕೂ ನೆನೆಯಬೇಕು. ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ 1916ರಲ್ಲಿ ಪುಸ್ತಕ ಬರೆದು ಕೋಣದ ಬಲಿ, ಅದರೊಳಗೆ ಮಾಲ ಮಾದಿಗರ ಪಾತ್ರ ಇವನ್ನೆಲ್ಲ ಕೂತು ದಾಖಲು ಮಾಡಿದವರು ಅವರು. ಅದನ್ನು ಮೂಢತನ ಅಂತಲೇ ನೋಡಿದರು, ಸೈ. ಆದರೆ ವೇದ ಪುರಾಣ ಓದಿ ಇದೇ ಹಿಂದೂಸ್ಥಾನ ಅಂತ ಬರೆಯುತ್ತಿದ್ದ ಬಿಳಿಯರ ನಡುವೆ, ಇಲ್ಲಿ ಇನ್ನೊಂದು ಜನ ಇದೆ, ಅವರ ದೇವತೆಗಳೇ ಬೇರೆ ಅಂತ ಕಂಡವರ ಪೈಕಿ ಅವರೊಬ್ಬರು.

ಇಲ್ಲೊಂದು ಲೆಕ್ಕ ಮರೆಯಬಾರದು. 1912ರಿಂದ 1945ರ ತನಕ, ಅಂದರೆ ಮೂವತ್ತೆರಡು ವರ್ಷ, ಒಂದು ಬಿಷಪ್ ಪ್ರಾಂತ ಪೂರಾ ಆಳಿದ ಭಾರತೀಯ ಆಂಗ್ಲಿಕನ್ ಅಂದರೆ ಇವರೊಬ್ಬರೇ. ಬಾಗಿಲು ತೆರೆದೆವು ಅಂತ ಒಬ್ಬನನ್ನು ಒಳಗೆ ಬಿಟ್ಟು, ಹಿಂದೆಯೇ ಚಿಲಕ ಹಾಕಿದರು. ನಮ್ಮ ಪಂಚಾಯಿತಿಗಳಲ್ಲಿ, ಯೂನಿವರ್ಸಿಟಿಗಳಲ್ಲಿ, ಅಕಾಡೆಮಿಗಳಲ್ಲಿ 'ನಿಮ್ಮವರೊಬ್ಬರು ಅದಾರಲ್ರೀ' ಅನ್ನುವವರಿಗೆ ಈ ಲೆಕ್ಕ ಚೆನ್ನಾಗಿ ತಿಳಿಯುತ್ತದೆ.

ಆ ಒಬ್ಬರು ಮಾಡಿದ್ದೇನು? ಎತ್ತಿನ ಬಂಡಿಯ ಮೇಲೆ ಹಳ್ಳಿ ಹಳ್ಳಿ ತಿರುಗಿದರು. 1924ರ ಹೊತ್ತಿಗೆ ಅವರ ಪ್ರಾಂತದಲ್ಲಿ ಇಂಗ್ಲಿಷ್ ಪಾದ್ರಿಗಳು 8, ಭಾರತೀಯ ಪಾದ್ರಿಗಳು 53. ಆ ಮೇಲೆ ಭಾರತೀಯರ ಸಂಖ್ಯೆ ಏರುತ್ತಲೇ ಹೋಯಿತು. ಅವರ ಕೊನೆಗಾಲಕ್ಕೆ ಪ್ರಾಂತದ ಕ್ರೈಸ್ತರು ಎರಡು ಲಕ್ಷ ದಾಟಿದ್ದರು. ಅದರಲ್ಲಿ ಬಹುಪಾಲು ಮಾಲರು, ಮಾದಿಗರು. ಕೇರಿಯ ಹುಡುಗನಿಗೆ ಅಕ್ಷರ ಕಲಿಸಿ ಅದೇ ಕೇರಿಗೆ ಮಾಸ್ತರನನ್ನಾಗಿ ಕಳಿಸುವುದು ಅವರ ಪದ್ಧತಿ. ಬ್ರಾಹ್ಮಣ ಮಾಸ್ತರ ದೂರ ಕೂಡಿಸಿ ಮಣ್ಣಿನ ಹೆಂಟೆ ಎಸೆದು ಹೊಡೆಯುತ್ತಿದ್ದ ಕಾಲದಲ್ಲಿ ಮಾದಿಗ ಮಾಸ್ತರ, ಮಾದಿಗ ಪಾದ್ರಿ. ನಮ್ಮ ಕೇರಿಯಲ್ಲಿ ಅದೇ ಕಾಲಕ್ಕೆ ಹುಡುಗಿಯರಿಗೆ ಮುತ್ತು ಕಟ್ಟುತ್ತಿದ್ದರು; ಅದನ್ನು ನಿಲ್ಲಿಸುವ ಕಾನೂನು ಬರಲಿಕ್ಕೆ 1982 ಆಗಬೇಕಾಯಿತು, ಕಾನೂನು ಬಂದ ಮೇಲೂ ಹುಲಿಗಿ ಹುಣ್ಣಿಮೆ ಹತ್ರ ಬಂತಂದ್ರೆ ತಾಯಂದಿರು ಹೆಣ್ಣುಕೂಸನ್ನ ಸೆರಗಿನೊಳಗ ಮುಚ್ಚಿಕೊಂಡದ್ದು ನಮಗೆ ಗೊತ್ತು.

ಅವರ ಇನ್ನೊಂದು ಪದ್ಧತಿ ನಮಗೆ ಬಹಳ ಹಿಡಿಸಿತು. ದೀಕ್ಷೆ ಪಡೆದವರು ತಮ್ಮ ಕೈಯನ್ನು ತಾವೇ ತಮ್ಮ ತಲೆಯ ಮೇಲಿಟ್ಟುಕೊಂಡು, ಈ ಸುದ್ದಿಯನ್ನು ನಾನು ಬೇರೆಯವರಿಗೆ ಹೇಳದೆ ಇರಲಾರೆ ಅಂತ ಆಣೆ ಮಾಡಬೇಕು. ಇದನ್ನು ಸಣ್ಣದು ಅನ್ನಬೇಡಿ. ನಮ್ಮ ತಲೆಯ ಮೇಲೆ ಹೊರೆ ಇಟ್ಟವರು ಬಹಳ. ಗೊಬ್ಬರದ ಪುಟ್ಟಿ, ಸಾಹೇಬನ ಟ್ರಂಕು, ಗೌಡನ ಚಪ್ಪಲಿ. ದೂರದಿಂದ ಕೈಯೆತ್ತಿ ಆಶೀರ್ವಾದ ಮಾಡಿದ ಸ್ವಾಮಿಗಳೂ ಉಂಟು. ನಿನ್ನ ತಲೆ ಮೇಲೆ ನಿನ್ನ ಕೈಯೇ ಇಡು, ನೀನು ಕೇಳುವವನಲ್ಲ, ಹೇಳುವವನು ಅಂದವರು ಎಷ್ಟು ಮಂದಿ?

ಇನ್ನು ತಕರಾರಿನ ಮಾತು. ಅಜರಯ್ಯ ಹಳ್ಳಿಗಳನ್ನು ಕಾಡುವ ನಾಲ್ಕು ಭೂತಗಳು ಅಂತ ಹೇಳುತ್ತಿದ್ದರು: ಕೊಳೆ, ಕಾಯಿಲೆ, ಸಾಲ, ಸೆರೆ. ಇಂಗ್ಲಿಷಿನಲ್ಲಿ ಈ ನಾಲ್ಕೂ 'ಡಿ' ಅನ್ನುವ ಒಂದೇ ಅಕ್ಷರದಿಂದ ಸುರುವಾಗುತ್ತವೆ. ಅದೇ ಅಕ್ಷರದಿಂದ ಸುರುವಾಗುವ ಇನ್ನೆರಡು ಹೆಸರು ಡೋರ್ನಕಲ್ಲಿನ ಸುತ್ತಮುತ್ತಲೇ ಇದ್ದವು: ದೊರೆ, ದೇಶಮುಖ. ಬಿಷಪ್ಪನ ಪಟ್ಟಿಯೊಳಗೆ ಅವು ಬರಲಿಲ್ಲ. ಸಾಲ ಭೂತವಾದರೆ ಸಾಲ ಕೊಟ್ಟವನು ಯಾರು? ಮೈ ಕೊಳೆಯಾದದ್ದು ಯಾಕೆ? ಊರ ಬಾವಿಗೆ ನಮ್ಮ ಕೊಡ ಬಿಡಲಿಲ್ಲ, ಅದಕ್ಕೆ. ಕಾಯಿಲೆ ಬಂದದ್ದು ಸತ್ತ ದನದ ಬಾಡು ತಿಂದು; ಅದನ್ನ ತಿಂದದ್ದು ಬಿಟ್ಟಿ ದುಡಿದರೂ ಕಾಳು ಸಿಗಲಿಲ್ಲ ಅಂತ. ನಾಲ್ಕೂ ಭೂತ ಬಿಡಿಸಿ ಒಳಗೆ ನೋಡಿದರೆ ರುಮಾಲು ಸುತ್ತಿದ ಒಬ್ಬನೇ ಕುಂತಿರತಾನ.

ಇದನ್ನು ಹೇಳುವಾಗ ಒಂದು ನ್ಯಾಯವನ್ನೂ ಮಾಡಬೇಕು. ಸತ್ತ ದನ ಎಳೆಯಲ್ಲ, ಅಮ್ಮನ ಜಾತ್ರೆಗೆ ಹಲಗಿ ಬಡಿಯಲ್ಲ, ಆದಿತ್ಯವಾರ ಹೊಲಕ್ಕೆ ಬರಲ್ಲ ಅಂತ ಹೊಸ ಕ್ರೈಸ್ತರು ತೆಲುಗು ಹಳ್ಳಿಗಳಲ್ಲಿ ಹೇಳಿದಾಗ ದೊರೆಗಳು ಸುಮ್ಮನೆ ಇರಲಿಲ್ಲ. ಹೊಡೆದರು, ಕೂಲಿ ನಿಲ್ಲಿಸಿದರು. ಬಾಯಲ್ಲಿ ದೊರೆಯ ಹೆಸರು ಹೇಳದ ಚರ್ಚು ನಡೆಯಲ್ಲಿ ದೊರೆಗೆ ನೋವು ಮಾಡಿತ್ತು. ನಮ್ಮ ಕೇರಿಗಳಲ್ಲಿ ಇದೇ 'ಒಲ್ಲೆ' ಅನ್ನುವ ಮಾತು ಬಂದದ್ದು ಎಪ್ಪತ್ತು ಎಂಬತ್ತರ ದಶಕದಲ್ಲಿ, ಸಂಘರ್ಷ ಸಮಿತಿಯ ಹುಡುಗರು ರಾತ್ರಿ ಹಾಡು ಹೇಳಿಕೊಂಡು ಬಂದ ಮೇಲೆ. ಆದರೂ ಕೂಲಿಕಾರನಿಗೆ ಮೀಸುವುದು, ಕುಡಿತ ಬಿಡಿಸುವುದು, ಓದಿಸುವುದು ಎಲ್ಲ ಮಾಡಿ ಭೂಮಿಯ ಪ್ರಶ್ನೆ ಎತ್ತದಿದ್ದರೆ ಏನಾಗುತ್ತದೆ ಅಂತ ಆ ಸೀಮೆಯೇ ತೋರಿಸಿತು. ಅಜರಯ್ಯ ತೀರಿಕೊಂಡು ಎರಡು ವರ್ಷ ತುಂಬುವುದರೊಳಗೆ, 1946ರಲ್ಲಿ, ತೆಲಂಗಾಣದ ರೈತರು ವೆಟ್ಟಿಯ ವಿರುದ್ಧ ಬಡಿಗೆ ಹಿಡಿದು ಎದ್ದರು. ಆ ಹೋರಾಟ 1951ರ ತನಕ ನಡೆಯಿತು. ಮುಂದೆ ನಡೆದದ್ದು ಕೆಂಪು ಬಾವುಟ, ಶಿಲುಬೆಯಲ್ಲ.

ಐದನೆಯ ಭೂತ ನಮ್ಮಲ್ಲಿ ಇನ್ನೂ ಬಿಟ್ಟಿಲ್ಲ. ನಮ್ಮ ಹಳೆಯ ತಾಲೂಕಿನದೇ ಮರಕುಂಬಿ. 2014ರ ಆಗಸ್ಟ್ 28ರಂದು ಅಲ್ಲಿಯ ಕೇರಿಗೆ ಬೆಂಕಿ ಹಚ್ಚಿದರು. ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್ 24ರಂದು. ಹತ್ತು ವರ್ಷ. ಮರುತಿಂಗಳೇ ಅವರಲ್ಲಿ ಬಹುಮಂದಿಗೆ ಹೈಕೋರ್ಟಿನಲ್ಲಿ ಜಾಮೀನೂ ಸಿಕ್ಕಿತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ನಮ್ಮ ಜನದ ಸಣ್ಣ ಕೂಸೊಂದು ಹನುಮಪ್ಪನ ಗುಡಿಯೊಳಗೆ ಓಡಿತು ಅಂತ ತಂದೆಗೆ ಸಾವಿರಾರು ರೂಪಾಯಿ ದಂಡ ಹಾಕಿದರು. ಇದು ಕೊಳೆಯೂ ಅಲ್ಲ, ಕಾಯಿಲೆಯೂ ಅಲ್ಲ, ಸೆರೆಯೂ ಅಲ್ಲ. ಆ ಕೂಸು ಮಿಂದು ಹೊಸ ಬಟ್ಟೆ ಹಾಕಿಕೊಂಡೇ ಗುಡಿಗೆ ಹೋಗಿದ್ದಿತು.

ಆಂಗ್ಲಿಕನ್ ಚರ್ಚಿನಲ್ಲೇ ಭೂತದ ಹೆಸರು ಹಿಡಿದು ಕರೆದ ಬಿಷಪ್ಪರೂ ಇದ್ದರು. ದಕ್ಷಿಣ ಆಫ್ರಿಕದ ಡೆಸ್ಮಂಡ್ ಟುಟು. ವರ್ಣಭೇದ ಪಾಪ ಅಂತ ಹೇಳಿ ಸುಮ್ಮನಾಗಲಿಲ್ಲ. ನಮ್ಮ ಸರಕಾರದ ಜೊತೆ ವ್ಯಾಪಾರ ನಿಲ್ಲಿಸಿರಿ ಅಂತ ಜಗತ್ತಿಗೆ ಕೂಗಿ ಹೇಳಿದರು. 1984ರಲ್ಲಿ ನೊಬೆಲ್, 1986ರಲ್ಲಿ ಕೇಪ್‌ಟೌನಿನ ಆರ್ಚ್‌ಬಿಷಪ್ ಪದವಿ. ಆ ಕಾಲದ ನಮ್ಮ ಸಭೆಗಳಲ್ಲಿ ಮಂಡೇಲಾ ಹೆಸರಿನ ಜೊತೆ ಇವರ ಹೆಸರೂ ಓಡಾಡುತ್ತಿತ್ತು. ಅಜರಯ್ಯನವರನ್ನು ಟುಟು ಆಗಲಿಲ್ಲ ಅಂತ ಬೈಯುವುದು ಸುಲಭ. ಅವರ ಕಾಲ ಬೇರೆ, ಕೈಯಲ್ಲಿದ್ದ ಅಧಿಕಾರ ಬಿಳಿಯರು ಕೊಟ್ಟದ್ದು, ನೆಲ ನಿಜಾಮನದು. ಇವೆಲ್ಲ ಸಮಜಾಯಿಷಿಗಳು ಹೌದು. ಸಮಜಾಯಿಷಿಯಿಂದ ಬೆನ್ನ ಮೇಲಿನ ಬರೆ ಹೋಗುವುದಿಲ್ಲ ಅನ್ನುವುದೂ ಹೌದು.

ಹಾಗಾದರೆ ಈ ಬಿಷಪ್ಪನನ್ನು ನಾವು ಯಾಕೆ ಹಿಡಿದುಕೊಂಡು ಕುಂತಿದ್ದೇವೆ? 1936ನೇ ಇಸವಿಗೆ ಬರಬೇಕು. ಅದರ ಹಿಂದಿನ ವರ್ಷ, 1935ರ ಅಕ್ಟೋಬರಿನಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯಲಾರೆ ಅಂತ ಬಾಬಾಸಾಹೇಬರು ಯೇವಲಾದಲ್ಲಿ ಘೋಷಿಸಿದ್ದರು. ದೇಶದ ಧರ್ಮಗುರುಗಳೆಲ್ಲ ಲೆಕ್ಕದ ಪುಸ್ತಕ ಬಿಚ್ಚಿದರು. ಆ ಹೊತ್ತಿಗೆ ಅಮೆರಿಕದ ಮಿಶನರಿ ಮುಖಂಡ ಜಾನ್ ಮಾಟ್ ಗಾಂಧೀಜಿಯವರನ್ನು ಕಂಡಾಗ ಗಾಂಧೀಜಿ ಆಡಿದ ಮಾತು ಅವರ 'ಹರಿಜನ' ಪತ್ರಿಕೆಯಲ್ಲೇ ಅಚ್ಚಾಯಿತು: ಆಕಳಿಗೆ ಸುವಾರ್ತೆ ಬೋಧಿಸುತ್ತೀರೇನು? ಅಸ್ಪೃಶ್ಯರಲ್ಲಿ ಕೆಲವರು ತಿಳಿವಳಿಕೆಯಲ್ಲಿ ಆಕಳಿಗಿಂತ ಕಡಿಮೆ. ಧರ್ಮ ಧರ್ಮಗಳ ನಡುವಿನ ಹೆಚ್ಚು ಕಡಿಮೆ ಅವರಿಗೆ ತಿಳಿಯುವುದಿಲ್ಲ ಅನ್ನುವ ಅರ್ಥದ ಮಾತು ಅದು. ನಮಗೆ ಹರಿಜನ ಅಂತ ಹೆಸರಿಟ್ಟವರು ಆ ಹೆಸರಿನ ಪೇಪರಿನೊಳಗೇ ನಮ್ಮ ತಿಳಿವಳಿಕೆಯನ್ನು ದನದ ಕೊಟ್ಟಿಗೆಗೆ ಕಟ್ಟಿದರು.

ಈ ವಾದದ ಎದುರಿಗೆ ನಿಂತ ದೊಡ್ಡ ಕ್ರೈಸ್ತ ಮುಖಂಡ ಅಂದರೆ ಅಜರಯ್ಯ. ಅವರು ಸ್ವದೇಶಿ ಮನುಷ್ಯ, ಸೂಟುಬೂಟಿನ ಸಾಹೇಬರಲ್ಲ. ತೆಲುಗಿನ ಹಾಡು ಭಜನೆಗಳನ್ನು ಚರ್ಚಿನೊಳಗೆ ತಂದವರು. ಆದ್ದರಿಂದ ಇವರನ್ನು ಪರದೇಶಿ ಏಜೆಂಟ ಅಂತ ತಳ್ಳಿಹಾಕುವುದು ಗಾಂಧಿಯವರಿಗೂ ಕಷ್ಟವಾಗಿತ್ತು. ಅಜರಯ್ಯನವರ ವಾದ ಸರಳ: ಹಳ್ಳಿಯ ಮಾಲ ಮಾದಿಗರು ಯಾರೋ ಎಳೆದುಕೊಂಡು ಹೋದ ದನಗಳಲ್ಲ, ತಿಳಿದೇ ಬಂದವರು, ಬಂದ ಮೇಲೆ ತಮ್ಮ ಬದುಕನ್ನು ತಾವೇ ಬದಲಿಸಿಕೊಂಡವರು, ಅವರಿಗೆ ಆರಿಸಿಕೊಳ್ಳುವ ಹಕ್ಕಿದೆ. ಒಬ್ಬ ಬಿಷಪ್ಪನ ಸಾರ್ವಜನಿಕ ಬದುಕಿನಲ್ಲಿ ನಮಗೆ ಲೆಕ್ಕಕ್ಕೆ ಬರುವ ಗಳಿಗೆ ಇದೇ. ಕಲ್ಕತ್ತೆಯ ಪಟ್ಟಾಭಿಷೇಕ ಅಲ್ಲ, ಗುಮ್ಮಟದ ಗುಡಿಯೂ ಅಲ್ಲ.

ಹಳೇ ಮಾತು ಯಾಕೆ ಕೆದಕುತ್ತೀರಿ ಅನ್ನಬೇಡಿ. ಕರ್ನಾಟಕದಲ್ಲಿ 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಹಕ್ಕಿನ ಸಂರಕ್ಷಣೆ ಅನ್ನುವ ಹೆಸರಿನ ಕಾನೂನು ಬಂತು. ಅದರೊಳಗೆ ಸಾಮಾನ್ಯರನ್ನು ಮೋಸದಿಂದ ಮತಾಂತರ ಮಾಡಿದರೆ 3ರಿಂದ 5 ವರ್ಷ ಸಜೆ, 25,000 ರೂಪಾಯಿ ದಂಡ. ಮಗುವನ್ನೋ, ಹೆಂಗಸನ್ನೋ, ಬುದ್ಧಿ ಸ್ಥಿಮಿತ ಇಲ್ಲದವರನ್ನೋ, ಪರಿಶಿಷ್ಟ ಜಾತಿ ಪಂಗಡದವರನ್ನೋ ಮಾಡಿದರೆ 3ರಿಂದ 10 ವರ್ಷ, 50,000 ರೂಪಾಯಿ. ಪಂಕ್ತಿ ನೋಡಿರಿ. ಊಟದ ಪಂಕ್ತಿಯಲ್ಲಿ ಎಂದೂ ಜೊತೆಗೆ ಕೂಡಿಸದವರು ಈ ಪಂಕ್ತಿಯಲ್ಲಿ ಎಷ್ಟು ಪ್ರೀತಿಯಿಂದ ಕೂಡಿಸಿದ್ದಾರೆ. ಕೂಸು, ಹೆಂಗಸು, ಬುದ್ಧಿ ನೆಟ್ಟಗಿಲ್ಲದವರು, ನಾವು. 1936ರ ಆಕಳು 2022ರಲ್ಲಿ ಕಾನೂನಿನ ಕಲಮಿನೊಳಗೆ ಬಂದು ಮಲಗಿತು. 2023ರ ಜೂನಿನಲ್ಲಿ ಹೊಸ ಸರಕಾರದ ಸಂಪುಟ ಇದನ್ನು ರದ್ದು ಮಾಡುತ್ತೇವೆ ಅಂತ ತೀರ್ಮಾನ ಹೇಳಿತು. ಕಾನೂನು ಬಂದ ವರ್ಷ ನಮ್ಮ ಕೇರಿಯ ಒಂದು ಮನೆಯೊಳಗೆ, ಜಡ್ಡಿಗೆ ಬಿದ್ದ ಹೆಣ್ಣುಮಗಳ ಸಲುವಾಗಿ ನಾಲ್ಕು ಮಂದಿ ಕೂಡಿ ಪ್ರಾರ್ಥನೆ ಮಾಡಿದರು. ಊರಿನ ಹುಡುಗರು ಮೊಬೈಲು ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು. ಆಕಿಗೆ ಮೂರು ವರ್ಷದಿಂದ ಜಡ್ಡಿತ್ತು. ಆ ಮೂರು ವರ್ಷದೊಳಗೆ ಅವರ ಪೈಕಿ ಒಬ್ಬನೂ ಆ ಬಾಗಿಲಿಗೆ ಬಂದಿರಲಿಲ್ಲ.

ಬಾಬಾಸಾಹೇಬರಿಗೂ ಅಜರಯ್ಯನವರಿಗೂ ನಡುವೆ ಹಾದಿ ಕೂಡಿದ್ದೂ ಉಂಟು, ಕವಲೊಡೆದದ್ದೂ ಉಂಟು. 1932ರ ಕೋಮುವಾರು ತೀರ್ಪು ಬಂದಾಗ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ, ಚರ್ಚು ಒಂದು ರಾಜಕೀಯ ಪಂಗಡ ಆಗಬಾರದು ಅಂತ ಅಜರಯ್ಯ ವಿರೋಧಿಸಿದರು. ಅದೇ ಪ್ರತ್ಯೇಕ ಮತಕ್ಷೇತ್ರವನ್ನು ನಮ್ಮ ಕೈಯಿಂದ ಪುಣೆಯಲ್ಲಿ ಉಪವಾಸ ಕುಂತು ಕಿತ್ತುಕೊಂಡರು. ಬೇಡ ಅನ್ನಲಿಕ್ಕೆ ಕೈಯಲ್ಲಿ ಏನಾದರೂ ಇರಬೇಕು ನೋಡ್ರಿ. ಇನ್ನೊಂದು ಸಂಗತಿಯನ್ನು ಚರ್ಚಿನವರೇ ಬರೆದಿದ್ದಾರೆ. ಮತಾಂತರದ ಮಾತು ಬಂದಾಗ ಅಂಬೇಡ್ಕರರು ಕೇಳಿದರಂತೆ: ನಾವು ಬಂದರೆ ನಮ್ಮ ಜನವೆಲ್ಲ ಎಲ್ಲಿದ್ದರೂ ಒಂದೇ ಚರ್ಚಿನೊಳಗೆ ಇರಲಿಕ್ಕಾಗುತ್ತದೆಯೇ? ಬಿಷಪ್ಪರಿಗೆ ನಾಚಿಕೆಯಾಯಿತಂತೆ. ಆಗದೆ ಏನು? ಆಂಗ್ಲಿಕನ್, ಬ್ಯಾಪ್ಟಿಸ್ಟ್, ಮೆಥಡಿಸ್ಟ್, ರೋಮನ್ ಕ್ಯಾಥೊಲಿಕ್. ಮೇಲಾಗಿ ತೆಲುಗು ಸೀಮೆಯಲ್ಲಿ ಮಾಲರು ಹೆಚ್ಚಾಗಿ ಒಂದು ಮಿಶನ್ನಿಗೆ, ಒಂಗೋಲು ಕಡೆಯ ಮಾದಿಗರು ಇನ್ನೊಂದಕ್ಕೆ. ಕೇರಿಯ ನಡುವಿನ ಗೋಡೆ ಹಾಗೇ ಎದ್ದು ಹೋಗಿ ಚರ್ಚಿನ ನಡುವೆ ನಿಂತಿತ್ತು. ನಮ್ಮಲ್ಲಿ ಹೊಲೆಯ ಮಾದಿಗರ ನಡುವೆ ಅದು ಇವತ್ತೂ ನಿಂತಿದೆ, ಅದನ್ನೇನು ಮುಚ್ಚಿಡುವುದು. ಅಜರಯ್ಯ ಕೊನೆಯ ತನಕ ಚರ್ಚುಗಳನ್ನು ಕೂಡಿಸಲು ದುಡಿದರು. ಕೂಡಿದ್ದನ್ನು ನೋಡಲಿಲ್ಲ. ಅವರು ಸತ್ತದ್ದು 1945ರ ಜನವರಿ 1ರಂದು. ದಕ್ಷಿಣ ಭಾರತ ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಬಾಬಾಸಾಹೇಬರು 1956ರಲ್ಲಿ ಬುದ್ಧನ ಕಡೆ ನಡೆದರು.

ಅಜರಯ್ಯನವರ ತರುವಾಯ ಡೋರ್ನಕಲ್ಲಿನ ಪೀಠಕ್ಕೆ ಬಂದವರು ಆಂಟನಿ ಎಲಿಯಟ್, ಇಂಗ್ಲಿಷರು. ಒಳ್ಳೆಯವರೇ ಇರಬಹುದು. ಮೂವತ್ತೆರಡು ವರ್ಷ ಮಾದಿಗ ಮಾಲರ ನಡುವೆ ಪಾದ್ರಿಗಳನ್ನು ಬೆಳೆಸಿದ ಮೇಲೂ ಮುಂದಿನ ಬಿಷಪ್ ಬಿಳಿಯರೇ ಆದರು ಅನ್ನುವುದು ಗಂಟಲಲ್ಲಿ ಸಿಕ್ಕುತ್ತದೆ. ನಾಯಕ ಎಷ್ಟು ದೊಡ್ಡವನಾದರೂ ಅವನ ಕುರ್ಚಿಯ ಕೀಲು ಯಾರ ಕೈಯಲ್ಲಿದೆ ಅಂತ ನೋಡಬೇಕಾಗುತ್ತದೆ. ಕೇರಿಯ ಕ್ರೈಸ್ತರು ತಮ್ಮ ಮಾತನ್ನು ತಾವೇ ಪುಸ್ತಕದ ಮಟ್ಟಕ್ಕೆ ತರಲಿಕ್ಕೆ ಇನ್ನೂ ಕಾಲ ಹಿಡಿಯಿತು. ಎ.ಪಿ. ನಿರ್ಮಲ್ ಅವರು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಎದ್ದು ನಿಂತು, ಇಲ್ಲಿಯ ದೇವಶಾಸ್ತ್ರವೆಲ್ಲ ಬ್ರಾಹ್ಮಣರ ಬಾಗಿಲಲ್ಲೇ ನಿಂತಿದೆ ಅಂತ ಹೇಳಿದಾಗ ದಲಿತ ದೇವಶಾಸ್ತ್ರ ಸುರುವಾಯಿತು. ಬಂಡಾಯದ ಸಭೆಗಳು ಕನ್ನಡ ನಾಡಿನಲ್ಲಿ ನಡೆಯುತ್ತಿದ್ದ ಕಾಲವೇ ಅದು. ಒಂದೇ ಊರಿನೊಳಗೆ ಇದ್ದೂ ಇವರಿಗೂ ಅವರಿಗೂ ಮಾತುಕತೆ ಆದದ್ದು ಕಡಿಮೆ.

ಅಜರಯ್ಯ ಕಾಣದೆ ಹೋದ ಇನ್ನೊಂದು ಪೆಟ್ಟು ದೆಹಲಿಯಿಂದ ಬಂತು. 1950ರ ರಾಷ್ಟ್ರಪತಿ ಆಜ್ಞೆ. ಹಿಂದೂ ಧರ್ಮ ಬಿಟ್ಟವನು ಪರಿಶಿಷ್ಟ ಜಾತಿಯವನಲ್ಲ ಅಂತ ಅದು ಹೇಳಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತರಿಗೂ ಮುಸಲ್ಮಾನರಿಗೂ ತೆರೆಯಲಿಲ್ಲ. ಮದರಾಸಿನ ಫುಟ್‌ಪಾತಿನ ಮೇಲೆ ಕೆರವು ಹೊಲಿಯುತ್ತಿದ್ದ ಸೂಸೈ ಅನ್ನುವವರ ಪ್ರಕರಣ ಎಲ್ಲರೂ ಓದಬೇಕಾದದ್ದು. ರಸ್ತೆಬದಿಯ ಮೋಚಿಗಳಿಗೆ ಸರಕಾರ ಪೆಟ್ಟಿಗೆ ಅಂಗಡಿ ಕೊಟ್ಟಿತು. ಪಕ್ಕದಲ್ಲಿ ಕುಂತ ಹಿಂದೂ ಮೋಚಿಗೆ ಸಿಕ್ಕಿತು, ಕ್ರೈಸ್ತರಾದ ಸೂಸೈಗೆ ಸಿಗಲಿಲ್ಲ. ಅದೇ ಚರ್ಮ, ಅದೇ ರಂಪಿಗೆ, ಅದೇ ಬಿಸಿಲು. ಸುಪ್ರೀಂ ಕೋರ್ಟು 1985ರಲ್ಲಿ ಅವರ ಅರ್ಜಿ ವಜಾ ಮಾಡಿತು. ಧರ್ಮ ಬದಲಿಸಿದ ಮೇಲೂ ಅದೇ ಹೀನ ಸ್ಥಿತಿ ಉಳಿದಿದೆ ಅಂತ ತೋರಿಸಬೇಕು ಅಂತ ಕೇಳಿತು. ಕೈಯಲ್ಲಿ ಹಿಡಿದ ಹರಿದ ಕೆರವನ್ನ ತೋರಿಸಿದ್ದರೆ ಸಾಲದಿತ್ತೇನೋ. ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ಇದೇ ಪ್ರಶ್ನೆ ನೋಡಲಿಕ್ಕೆ ಕೇಂದ್ರ ಸರಕಾರ ನೇಮಿಸಿದ್ದು 2022ರ ಅಕ್ಟೋಬರಿನಲ್ಲಿ. ಆಜ್ಞೆ ಹೊರಟು ಎಪ್ಪತ್ತೆರಡು ವರ್ಷದ ಮೇಲೆ.

2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದೊಳಗೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತು. ಜಾತಿಪಟ್ಟಿಯಲ್ಲಿ ಕ್ರಿಶ್ಚಿಯನ್ ಅನ್ನುವ ಪದ ಅಂಟಿಸಿದ ಜಾತಿಗಳು ಇದ್ದವು. ಮಾದಿಗ ಕ್ರಿಶ್ಚಿಯನ್ ಅಂತಲೂ ಇತ್ತು. ಗಲಾಟೆ ಎದ್ದಿತು. ಅಂಥ 33 ಹೆಸರುಗಳನ್ನು ಮೊಬೈಲಿನ ಪಟ್ಟಿಯಲ್ಲಿ ಕಾಣದಂತೆ ಮಾಡಿದರು. ಬೇಕಾದವರು ತಾವಾಗಿ ಹೇಳಿ ಬರೆಸಬಹುದು ಅಂದರು. ನಮ್ಮ ಕೇರಿಗೂ ಮಾಸ್ತರು ಬಂದರು. ಪ್ರಾರ್ಥನೆಗೆ ಹೋಗುವ ಆ ಮನೆಯ ಬಾಗಿಲಲ್ಲಿ ಕಟ್ಟೆಯ ಮೇಲೆ ಕುಂತು ಒಂದೊಂದೇ ಪ್ರಶ್ನೆ ಕೇಳಿದರು. ಧರ್ಮ ಅನ್ನುವಲ್ಲಿಗೆ ಬಂದಾಗ ಮನೆಯ ಗಂಡಸು ಮಾತಾಡಲಿಲ್ಲ. ಆ ಮನೆಯ ಹುಡುಗ ಗಂಗಾವತಿಯೊಳಗೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನದ ಮೇಲೆ ಡಿಗ್ರಿ ಓದುತ್ತಿದ್ದ. ಒಳಗಿಂದ ತಾಯಿ ಅಂದಳು: 'ಹುಡುಗನ ಫೀಸು ಯಾವುದು ಬರೆದ್ರ ಬರ್ತದೋ ಅದನ್ನ ಬರಕೊಳ್ರೀ ಮಾಸ್ತರ.'

ಮಾಸ್ತರು ಹಿಂದೂ ಅಂತ ಒತ್ತಿದರು. ಮುಂದಿನ ಪ್ರಶ್ನೆ ಉಪಜಾತಿಯದಿತ್ತು.